ಹಿರಿಯರ ಸೊಂಟದ ಮೂಳೆ ಮುರಿದಾಗ: ಮೊದಲ ಎರಡು ದಿನಗಳ ನಿರ್ಧಾರ

(ಹಿರಿಯ ನಾಗರಿಕರು ಮತ್ತು ಅವರ ಮನೆಯವರ ಸಭೆಯಲ್ಲಿ ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸಕರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಎಂಬತ್ತು ದಾಟಿದ ತಾಯಿಯೊಬ್ಬರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಮನೆಯವರು ವೈದ್ಯರ ಮುಂದಿಡುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಈ ವಯಸ್ಸಲ್ಲಿ ಆಪರೇಷನ್ ತಡ್ಕೋತಾರಾ ಡಾಕ್ಟ್ರೇ?" ಈ ಪ್ರಶ್ನೆಯ ಹಿಂದೆ ಪ್ರೀತಿಯೂ ಇದೆ, ಭಯವೂ ಇದೆ, ಎರಡನ್ನೂ ನಾನು ಗೌರವಿಸುತ್ತೇನೆ. ಆದರೆ ಇದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಬಹಳಷ್ಟು ಮನೆಗಳಲ್ಲಿ ಕೇಳದೆ ಉಳಿದುಬಿಡುತ್ತದೆ. ಆಪರೇಷನ್ ಬೇಡವೆಂದು ಎರಡು ಮೂರು ತಿಂಗಳು ಹಾಸಿಗೆಯಲ್ಲಿ ಮಲಗಿಸಿದರೆ, ಅದನ್ನು ಈ ದೇಹ ತಡೆದುಕೊಳ್ಳುತ್ತದೆಯೇ? ಇಂದಿನ ನನ್ನ ಮಾತೆಲ್ಲ ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಸೊಂಟ ಮುರಿಯಿತು ಎಂದು ನಾವು ಹೇಳುವಾಗ ಮುರಿದಿರುವುದು ಬಹುಪಾಲು ತೊಡೆಮೂಳೆಯ ಮೇಲ್ತುದಿ. ಅಲ್ಲಿ ಗುಂಡಗಿನ ತಲೆಯೊಂದು ಸೊಂಟದ ಬಟ್ಟಲಿನಲ್ಲಿ ಕೂತಿರುತ್ತದೆ; ತಲೆಯ ಕೆಳಗೆ ಕಿರಿದಾದ ಕುತ್ತಿಗೆ; ಕುತ್ತಿಗೆಯ ಬುಡದಲ್ಲಿ ಸ್ನಾಯುಗಳು ಅಂಟಿಕೊಂಡ ಎರಡು ಉಬ್ಬುಗಳು. ಬಿದ್ದವರ ಒಂದು ಕಾಲು ಗಿಡ್ಡವಾದಂತೆ ಕಂಡು, ಪಾದ ಹೊರಕ್ಕೆ ವಾಲಿಕೊಂಡಿದ್ದು, ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಲಾರದೆ ಹೋದರೆ ಎಕ್ಸ್-ರೇ ತೆಗೆಯುವ ಮೊದಲೇ ನಮ್ಮ ಅನುಮಾನ ಗಟ್ಟಿಯಾಗುತ್ತದೆ. ಆದರೆ ಮುರಿದ ತುದಿಗಳು ಒಂದರೊಳಗೊಂದು ಕಚ್ಚಿಕೊಂಡಿದ್ದರೆ ಕೆಲವರು ಕುಂಟುತ್ತಾ ನಡೆದೇ ಆಸ್ಪತ್ರೆಗೆ ಬರುತ್ತಾರೆ, ಮೊದಲ ಎಕ್ಸ್-ರೇಯಲ್ಲಿ ಗೆರೆ ಕಾಣದೆಯೂ ಇರಬಹುದು. ಬಿದ್ದ ನಂತರ ತೊಡೆಸಂದಿಯ ನೋವು ಹೋಗದಿದ್ದರೆ, ನಡೆಯುತ್ತಿದ್ದಾರಲ್ಲ ಎಂದು ಸುಮ್ಮನಾಗದೆ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಮಾಡಿಸಬೇಕು. ಇವತ್ತು ಕಚ್ಚಿಕೊಂಡಿರುವ ಮೂಳೆ ನಾಳೆ ಜಾರಿಬಿಟ್ಟರೆ ಸಣ್ಣ ಆಪರೇಷನ್ನಿನಲ್ಲಿ ಮುಗಿಯುತ್ತಿದ್ದದ್ದು ದೊಡ್ಡದಾಗುತ್ತದೆ.

ಮುರಿತ ಎಲ್ಲಿ ಆಗಿದೆ ಎಂಬುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ. ಕುತ್ತಿಗೆಯ ಬುಡದ ಉಬ್ಬುಗಳ ನಡುವೆ ಮುರಿದರೆ ಅಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಮೂಳೆ ಕೂಡಿಕೊಳ್ಳುತ್ತದೆ. ರಾಡ್ ಅಥವಾ ಪ್ಲೇಟು-ಸ್ಕ್ರೂ ಹಾಕಿ ಹಿಡಿದಿಟ್ಟರೆ ಸಾಕು. ಇಂಥವರಿಗೆ ಸಾಧಾರಣವಾಗಿ ಕೀಲು ಬದಲಿಸುವ ಅಗತ್ಯವಿಲ್ಲ. ಪಕ್ಕದ ಮನೆಯ ಅಜ್ಜಿಗೆ ಬಾಲ್ (ಲೋಹದ ಬದಲಿ ತಲೆ) ಹಾಕಿದರು, ನಮ್ಮಮ್ಮನಿಗೆ ಬರೀ ರಾಡ್ ಹಾಕಿದ್ದಾರೆ ಎಂದು ಕೊರಗುವವರಿಗೆ ನಾನು ಎಕ್ಸ್-ರೇ ತೋರಿಸಿ ಈ ವ್ಯತ್ಯಾಸವನ್ನು ವಿವರಿಸುತ್ತೇನೆ. ಕುತ್ತಿಗೆಯೇ ಮುರಿದಾಗಿನ ಕಥೆ ಬೇರೆ. ತಲೆಗೆ ಹೋಗುವ ರಕ್ತನಾಳಗಳಲ್ಲಿ ಮುಖ್ಯವಾದವು ಕುತ್ತಿಗೆಯ ಮೈಗೆ ಅಂಟಿಕೊಂಡೇ ಮೇಲೇರುತ್ತವೆ. ಕುತ್ತಿಗೆ ಮುರಿದು ಜಾರಿತೆಂದರೆ ಅವೂ ಹರಿಯುತ್ತವೆ, ತೊಟ್ಟು ಮುರಿದ ಹಣ್ಣಿಗೆ ರಸ ಏರದಂತೆ ಮೇಲಿನ ತಲೆಗೆ ರಕ್ತ ತಲುಪುವುದಿಲ್ಲ. ಆಮೇಲೆ ಮೂಳೆ ಕೂಡಿಕೊಳ್ಳದೆ ಉಳಿಯಬಹುದು, ಇಲ್ಲವೇ ಕೂಡಿಕೊಂಡಂತೆ ಕಂಡು ಒಂದೆರಡು ವರ್ಷದಲ್ಲಿ ತಲೆಯೇ ಕುಸಿಯಬಹುದು. ಹಿರಿಯರಲ್ಲಿ ಜಾರಿದ ಕುತ್ತಿಗೆ ಮುರಿತಕ್ಕೆ ಜೋಡಿಸುವ ಪ್ರಯತ್ನ ಬಿಟ್ಟು ತಲೆಯನ್ನೇ ಬದಲಿಸುವುದು ಈ ಕಾರಣಕ್ಕೆ.

ಇಲ್ಲಿ ನಾಟಿ ಕಟ್ಟಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಕಡೆಯವರಿಗೆ ಆಂಧ್ರದ ಪುತ್ತೂರು ಕಟ್ಟು ತಲೆಮಾರುಗಳಿಂದ ಗೊತ್ತು. ಬೇರೆ ಸೀಮೆಗಳಲ್ಲೂ ಎಲುಬು ಕಟ್ಟುವ ಮನೆತನಗಳಿವೆ. ಜರುಗದ ಮುಂಗೈ ಮುರಿತದಂಥವು ಕಟ್ಟಿನಿಂದ ವಾಸಿಯಾಗಿರುವುದನ್ನು ಜನ ಕಣ್ಣಾರೆ ಕಂಡಿದ್ದಾರೆ, ಆದ್ದರಿಂದ ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ತೊಡೆಮೂಳೆಯ ಕುತ್ತಿಗೆ ಮಾಂಸದ ಆಳದಲ್ಲಿ, ಕೀಲಿನ ಚೀಲದೊಳಗಿದೆ. ಹೊರಗಿನ ಯಾವ ಕಟ್ಟೂ ಅದನ್ನು ಅಲುಗದಂತೆ ಹಿಡಿಯಲಾರದು, ಹರಿದ ರಕ್ತನಾಳವನ್ನು ಯಾವ ಲೇಪವೂ ಕೂಡಿಸಲಾರದು. ಕಾಲಿಗೆ ತೂಕ ಕಟ್ಟಿ ಮನೆಯಲ್ಲಿ ಮಲಗಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಕುತ್ತಿಗೆ ಮುರಿತ ಕೂಡಿಕೊಳ್ಳುವುದು ದುರ್ಲಭ ಎಂಬುದನ್ನು ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಬರೆದಿಟ್ಟಿದ್ದರು. ಅದಕ್ಕೆ ಪರಿಹಾರ ಸಿಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 1940ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಆಸ್ಟಿನ್ ಮೂರ್ ಅವರು ತೊಡೆಮೂಳೆಯ ಮೇಲ್ಭಾಗಕ್ಕೆ ಲೋಹದ ಭಾಗವನ್ನು ಕೂರಿಸಿದರು. ಅವರ ಹೆಸರಿನ ಬದಲಿ ತಲೆಯನ್ನು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಬಳಸಿದ್ದೇವೆ. 1962ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಅವರು ಲೋಹದ ಚಿಕ್ಕ ತಲೆ, ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟಲು ಮತ್ತು ಇವನ್ನು ಮೂಳೆಗೆ ಹಿಡಿದಿಡುವ ಮೂಳೆ ಸಿಮೆಂಟು ಮೂರನ್ನೂ ಸೇರಿಸಿ ಪೂರ್ಣ ಕೀಲು ಬದಲಿಗೆ ಅಡಿಪಾಯ ಹಾಕಿದರು. ಇಂದು ನಾವು ಮಾಡುತ್ತಿರುವುದೆಲ್ಲ ಈ ಎರಡು ಕೆಲಸಗಳ ಮುಂದುವರಿಕೆ.

ಈಗ ಹಾಸಿಗೆಯ ಅಪಾಯಕ್ಕೆ ಬರೋಣ. ಮುರಿದ ಕಾಲಿನ ನೋವಿಗೆ ಹೆದರಿ ಹಿರಿಯರು ಮಗ್ಗುಲು ಬದಲಿಸುವುದಿಲ್ಲ, ಆಳವಾಗಿ ಉಸಿರೆಳೆಯುವುದಿಲ್ಲ, ಕಫವನ್ನು ಕೆಮ್ಮಿ ತೆಗೆಯುವುದಿಲ್ಲ. ಹೀಗೆ ಕೆಲವೇ ದಿನಗಳಲ್ಲಿ ನ್ಯುಮೋನಿಯಾ ಬರಬಹುದು. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಮೊದಲು ಕೆಂಪಾಗಿ ಆಮೇಲೆ ಹುಣ್ಣಾಗುತ್ತದೆ. ಕಾಲಿನ ರಕ್ತನಾಳಗಳಲ್ಲಿ ಗೆಡ್ಡೆ ಕಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತಾಗಬಹುದು. ಮೂತ್ರದ ಸೋಂಕು, ಮಲಬದ್ಧತೆ, ಹಸಿವಿಲ್ಲದಿರುವುದು, ದಿನದಿನಕ್ಕೂ ಕರಗುವ ತೊಡೆಯ ಮಾಂಸ ಇವೆಲ್ಲ ಒಂದರ ಬೆನ್ನಿಗೊಂದು ಬರುತ್ತವೆ. ಸೊಂಟ ಮುರಿದ ಹಿರಿಯರಲ್ಲಿ ಸುಮಾರು ಶೇ. 20ರಿಂದ 30ರಷ್ಟು ಜನ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅವರನ್ನು ಕೊಲ್ಲುವುದು ಹೆಚ್ಚಾಗಿ ಮುರಿದ ಮೂಳೆಯ ಬೆನ್ನಿಗೆ ಬರುವ ಈ ತೊಡಕುಗಳೇ, ಜೊತೆಗೆ ಮೊದಲೇ ಇದ್ದ ಹೃದಯ, ಶ್ವಾಸಕೋಶ, ಮೂತ್ರಪಿಂಡದ ದೌರ್ಬಲ್ಯ. ಆದ್ದರಿಂದ ಆಪರೇಷನ್ನಿನ ಉದ್ದೇಶವನ್ನು ಮೊದಲು ಸರಿಯಾಗಿ ತಿಳಿಯಬೇಕು: ನೋವು ತಗ್ಗಿಸಿ, ಮರುದಿನವೇ ಹಾಸಿಗೆಯಿಂದ ಎಬ್ಬಿಸಿ ಕೂರಿಸಲು, ನಿಲ್ಲಿಸಲು ಸಾಧ್ಯವಾಗಲಿ ಎಂದು ಅದನ್ನು ಮಾಡುತ್ತೇವೆ.

ಎಷ್ಟು ಬೇಗ ಮಾಡಬೇಕು? ಬ್ರಿಟನ್ನಿನ ಮಾರ್ಗಸೂಚಿಯಂತೆ ದಾಖಲಾದ ದಿನ ಅಥವಾ ಮರುದಿನ. ಸಾಧಾರಣವಾಗಿ ಎಲ್ಲ ಕಡೆ ಒಪ್ಪಿರುವ ಮಿತಿ 24ರಿಂದ 48 ಗಂಟೆ. ಇನ್ನೂ ಬೇಗ, ಅಂದರೆ ಮುರಿತ ಗೊತ್ತಾದ ಆರು ಗಂಟೆಯೊಳಗೆ ಮಾಡಿದರೆ ಹೆಚ್ಚು ಜೀವ ಉಳಿಯುತ್ತದೆಯೇ ಎಂದು 17 ದೇಶಗಳ 2,970 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಬೇಗ ಆಪರೇಷನ್ ಆದವರಲ್ಲಿ ತಾತ್ಕಾಲಿಕ ಬುದ್ಧಿಭ್ರಮೆ ಕಡಿಮೆಯಿತ್ತು, ಮೂತ್ರದ ಸೋಂಕು ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು. ಈ ಫಲಿತಾಂಶವನ್ನು ನಾನು ಓದುವುದು ಹೀಗೆ: ನಡುರಾತ್ರಿಯಲ್ಲಿ ಧಾವಂತಪಟ್ಟು ಮಾಡಬೇಕಾಗಿಲ್ಲ, ಆದರೆ ನಾಲ್ಕೈದು ದಿನ ಕಾಯಿಸುವುದಕ್ಕೆ ಸಮರ್ಥನೆಯೂ ಇಲ್ಲ.

ಹಾಗಾದರೆ ನಮ್ಮಲ್ಲಿ ನಾಲ್ಕೈದು ದಿನ ಏಕೆ ಹಿಡಿಯುತ್ತದೆ? ಅರ್ಧ ಕಾರಣ ಮನೆಯಲ್ಲಿದೆ: ಬೆಂಗಳೂರಿನ ಮಗ ಬರಬೇಕು, ಅಮೆರಿಕದ ಮಗಳ ಜೊತೆ ಮಾತಾಡಬೇಕು, ಹಣ ಹೊಂದಿಸಬೇಕು, ಇನ್ನೊಬ್ಬ ಡಾಕ್ಟರನ್ನು ಕೇಳಬೇಕು. ಇನ್ನರ್ಧ ಕಾರಣ ಆಸ್ಪತ್ರೆಗಳಲ್ಲೇ ಇದೆ, ಅದನ್ನು ವೈದ್ಯರಾದ ನಾವು ಒಪ್ಪಿಕೊಳ್ಳಬೇಕು. "ಫಿಟ್‌ನೆಸ್ ಬಂದಿಲ್ಲ" ಎಂಬ ಒಂದು ಮಾತಿಗೆ ಎಷ್ಟೋ ಹಿರಿಯರ ದಿನಗಳು ಹಾಸಿಗೆಯಲ್ಲಿ ಕಳೆದುಹೋಗುತ್ತವೆ. ಎದೆಯಲ್ಲಿ ಸಣ್ಣ ಸದ್ದು ಕೇಳಿತೆಂದು ಎಕೋ (ಹೃದಯದ ಸ್ಕ್ಯಾನ್), ಎಕೋ ಮಾಡುವವರು ಬರುವುದು ಸೋಮವಾರ. ಸೋಡಿಯಂ ಸ್ವಲ್ಪ ಇಳಿದಿದೆ, ನಾಳೆ ನೋಡೋಣ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಐದು ದಿನ ನಿಲ್ಲಿಸಿ ಆಮೇಲೆ ಮಾಡೋಣ. ನಿಜವಾಗಿ ಸರಿಪಡಿಸಬೇಕಾದ ತೊಂದರೆಗಳು ಇಲ್ಲವೆಂದಲ್ಲ; ತೀವ್ರ ರಕ್ತಹೀನತೆ, ಹತೋಟಿ ತಪ್ಪಿದ ಹೃದಯ ಬಡಿತ, ಉಸಿರಾಟದ ಸೋಂಕು, ಹೆಚ್ಚು ಕಮ್ಮಿಯಾದ ಸಕ್ಕರೆ ಇವುಗಳಿಗೆ ತಕ್ಷಣ ಚಿಕಿತ್ಸೆ ಬೇಕು, ಅದು ಗಂಟೆಗಳ ಲೆಕ್ಕದಲ್ಲಿ ನಡೆಯಬೇಕು. ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳಿಗಾಗಿ ಸೊಂಟದ ಮುರಿತದ ಆಪರೇಷನ್ನನ್ನು ಮುಂದೂಡಬೇಕಾಗಿಲ್ಲ ಎಂಬುದು ಇಂದಿನ ಮಾರ್ಗಸೂಚಿಗಳ ನಿಲುವು. ರಕ್ತ ತೆಳುವಾಗಿಸುವ ಇನ್ನೊಂದು ಮಾತ್ರೆಯಾದ ವಾರ್ಫರಿನ್ನಿನ ಪರಿಣಾಮವನ್ನು ವಿಟಮಿನ್ ಕೆ ಕೊಟ್ಟು ಇಳಿಸಬಹುದು. ಇನ್ನು ಉಪವಾಸ. ಬೆಳಗ್ಗೆಯಿಂದ ನೀರೂ ಕೊಡದೆ ಕಾಯಿಸಿ, ಸಂಜೆ ಪಟ್ಟಿಯಿಂದ ಹೆಸರು ತೆಗೆದು, ಮರುದಿನ ಮತ್ತೆ ಉಪವಾಸ ಮಾಡಿಸುವುದು ಒಣಗಿದ ದೇಹದ ಹಿರಿಯರಿಗೆ ಮಾಡುವ ದೊಡ್ಡ ಅನ್ಯಾಯ. ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೆ ನೀರು ಕುಡಿಸಬಹುದು. ಯಾವಾಗಿನವರೆಗೆ ಕುಡಿಸಬಹುದು ಎಂದು ಮನೆಯವರು ಧೈರ್ಯವಾಗಿ ಕೇಳಬೇಕು. ಕಾಯುವಷ್ಟು ಹೊತ್ತೂ ನೋವು ತಡೆದುಕೊಳ್ಳಲೇಬೇಕೆಂದಿಲ್ಲ, ತೊಡೆಸಂದಿಯ ನರವನ್ನು ಮರಗಟ್ಟಿಸುವ ಇಂಜೆಕ್ಷನ್ ಇದೆ, ಅದನ್ನೂ ಕೇಳಿ.

ಈ ವಿಳಂಬವನ್ನು ಕಡಿಮೆ ಮಾಡಲು ಸಾಧ್ಯ ಎಂಬುದಕ್ಕೆ ಇಂಗ್ಲೆಂಡ್ ಸಾಕ್ಷಿ. ಅಲ್ಲಿ 2007ರಲ್ಲಿ ಸೊಂಟ ಮುರಿತದ ರಾಷ್ಟ್ರೀಯ ದಾಖಲೆ ವ್ಯವಸ್ಥೆ ಶುರುವಾಯಿತು. ಪ್ರತಿ ಆಸ್ಪತ್ರೆ ಎಷ್ಟು ಗಂಟೆಯಲ್ಲಿ ಆಪರೇಷನ್ ಮಾಡಿತು, ವೃದ್ಧರ ಆರೋಗ್ಯದ ತಜ್ಞರು ರೋಗಿಯನ್ನು ನೋಡಿದರೇ ಎಂಬುದನ್ನು ಬರೆದಿಡಲಾಯಿತು. 36 ಗಂಟೆಯೊಳಗೆ ಮಾಡಿದ ಆಸ್ಪತ್ರೆಗೆ ಹೆಚ್ಚುವರಿ ಹಣ ಸಂದಾಯವಾಗುವ ಏರ್ಪಾಡೂ ಬಂತು. ತಿಂಗಳೊಳಗಿನ ಸಾವು 2007ರಲ್ಲಿ ಶೇ. 11ರ ಆಸುಪಾಸಿನಲ್ಲಿದ್ದದ್ದು 2011ರ ಹೊತ್ತಿಗೆ ಶೇ. 8.5ರ ಹತ್ತಿರಕ್ಕೆ ಇಳಿಯಿತು. ಹೊಸ ಔಷಧ, ಹೊಸ ಯಂತ್ರ ಯಾವುದೂ ಅದಕ್ಕೆ ಬೇಕಾಗಲಿಲ್ಲ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಒಂದು ರಿಜಿಸ್ಟರ್ ಇರಬೇಕೆಂಬುದು ನನ್ನ ಆಸೆ.

ಅರಿವಳಿಕೆಯ ಬಗ್ಗೆ ಒಂದೇ ಮಾತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸುರಕ್ಷಿತ, ಪೂರ್ತಿ ಮಲಗಿಸಿದರೆ ಎಚ್ಚರವಾಗುವುದಿಲ್ಲ ಎಂಬ ಭಯ ಬಹಳ ಜನರಲ್ಲಿದೆ. ಅಮೆರಿಕ ಮತ್ತು ಕೆನಡಾದ 1,600 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ತಿಂಗಳ ನಂತರದ ಸಾವು ಮತ್ತು ನಡೆಯಲಾರದ ಸ್ಥಿತಿ ಎರಡೂ ವಿಧಾನಗಳಲ್ಲಿ ಸರಿಸುಮಾರು ಒಂದೇ ಆಗಿತ್ತು. ಆಯ್ಕೆಯನ್ನು ಅರಿವಳಿಕೆ ತಜ್ಞರಿಗೆ ಬಿಡಿ.

ತಲೆಯನ್ನು ಮಾತ್ರ ಬದಲಿಸಬೇಕೇ, ಬಟ್ಟಲನ್ನೂ ಸೇರಿಸಿ ಪೂರ್ಣ ಕೀಲು ಬದಲಿಸಬೇಕೇ ಎಂಬ ಪ್ರಶ್ನೆಗೆ ಇಷ್ಟು ಸರಳ ಉತ್ತರವಿಲ್ಲ. 2019ರಲ್ಲಿ ಪ್ರಕಟವಾದ, 50 ದಾಟಿದ 1,495 ರೋಗಿಗಳ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾದವರು ಪೂರ್ಣ ಬದಲಿಯಲ್ಲಿ ಶೇ. 7.9, ತಲೆಯನ್ನು ಮಾತ್ರ ಬದಲಿಸುವ ಅರ್ಧ ಬದಲಿಯಲ್ಲಿ ಶೇ. 8.3, ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ. ಪೂರ್ಣ ಬದಲಿಯವರ ಕೀಲಿನ ಕೆಲಸ ಸ್ವಲ್ಪ ಮೇಲಿತ್ತು, ಗಂಭೀರ ತೊಡಕುಗಳೂ ಸ್ವಲ್ಪ ಹೆಚ್ಚಿದ್ದವು. ನನ್ನ ರೂಢಿ ಹೀಗಿದೆ: ಬೀಳುವ ಹಿಂದಿನ ದಿನದವರೆಗೆ ತಾವೇ ಸಂತೆಗೆ, ದೇವಸ್ಥಾನಕ್ಕೆ ನಡೆದು ಹೋಗುತ್ತಿದ್ದ, ಬುದ್ಧಿ ಚುರುಕಾಗಿರುವ, ಹೃದಯ ಗಟ್ಟಿಯಿರುವವರಿಗೆ ಪೂರ್ಣ ಬದಲಿಯ ಮಾತು ಎತ್ತುತ್ತೇನೆ. ಮನೆಯೊಳಗಷ್ಟೇ ಓಡಾಡುತ್ತಿದ್ದವರಿಗೆ, ಮರೆವಿನ ಕಾಯಿಲೆ ಇರುವವರಿಗೆ ಅರ್ಧ ಬದಲಿ ಸಾಕು, ಏಕೆಂದರೆ ಅದು ಬೇಗ ಮುಗಿಯುತ್ತದೆ ಮತ್ತು ಕೀಲು ಜಾರುವ ಸಂಭವ ಕಡಿಮೆ. ನಮ್ಮಲ್ಲಿ ಹೆಚ್ಚಾಗಿ ಹಾಕುವ ಬೈಪೋಲಾರ್ ತಲೆ (ಚಿಕ್ಕ ತಲೆಯ ಮೇಲೆ ತಿರುಗುವ ದೊಡ್ಡ ತಲೆ) ಹಳೆಯ ಒಂಟಿ ತಲೆಗಿಂತ ಬಹಳ ಮೇಲು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಅದಕ್ಕಾಗಿ ಯಾರೂ ಸಾಲ ಮಾಡಬೇಕಾಗಿಲ್ಲ. ಸಿಮೆಂಟಿನ ವಿಷಯದಲ್ಲಿ ಮಾತ್ರ ಪುರಾವೆ ಸ್ಪಷ್ಟವಾಗಿದೆ. ಬ್ರಿಟನ್ನಿನಲ್ಲಿ 1,225 ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಮೆಂಟು ಹಾಕಿದವರ ಜೀವನದ ಗುಣಮಟ್ಟ ಮೇಲಿತ್ತು, ಬದಲಿ ಕೀಲಿನ ಸುತ್ತ ಮತ್ತೆ ಮೂಳೆ ಮುರಿದದ್ದು ಶೇ. 0.5 ಮಾತ್ರ, ಸಿಮೆಂಟು ಹಾಕದವರಲ್ಲಿ ಅದು ಶೇ. 2.1.

ಆಪರೇಷನ್ ಕೋಣೆಯೊಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಭಯ ಸ್ವಲ್ಪ ಇಳಿಯುತ್ತದೆ ಎಂದು ನಂಬಿದ್ದೇನೆ. ರೋಗಿಯನ್ನು ಒಳ್ಳೆಯ ಮಗ್ಗುಲಿಗೆ ಮಲಗಿಸುತ್ತೇವೆ. ಕೀಲಿನ ಚೀಲ ತೆರೆದು, ಬಟ್ಟಲಿನಲ್ಲಿ ಒಂಟಿಯಾಗಿ ಉಳಿದ ತಲೆಗೆ ತಿರುಪು ಹಾಕಿ ಹೊರತೆಗೆಯುತ್ತೇವೆ. ಅದರ ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ ಅಳೆದು ಅದೇ ಗಾತ್ರದ ಲೋಹದ ತಲೆಯನ್ನು ಆರಿಸುತ್ತೇವೆ. ಒಂದೆರಡು ಮಿಲಿಮೀಟರ್ ತಪ್ಪಿದರೂ ಅದು ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ತೊಡೆಮೂಳೆಯ ಒಳಗಿನ ಪೊಳ್ಳನ್ನು ಅರದಿಂದ ಹದಮಾಡಿ, ನೀರು ಹಾಯಿಸಿ ಕೊಬ್ಬನ್ನೆಲ್ಲ ತೊಳೆದು ಒಣಗಿಸುತ್ತೇವೆ. ಸಿಮೆಂಟು ಕಲಸಿದ ಕೂಡಲೇ ಅರಿವಳಿಕೆ ತಜ್ಞರಿಗೆ ಗಟ್ಟಿಯಾಗಿ ಹೇಳುತ್ತೇವೆ, ಏಕೆಂದರೆ ಅದನ್ನು ಒಳಗೆ ತುಂಬುವ ಕ್ಷಣದಲ್ಲಿ ಕೆಲವರ ರಕ್ತದೊತ್ತಡ ದಿಢೀರನೆ ಇಳಿಯುತ್ತದೆ. ಮೊದಲು ತೊಳೆದದ್ದು ಆ ಅಪಾಯ ತಗ್ಗಿಸಲಿಕ್ಕೇ. ಲೋಹದ ಕಾಂಡವನ್ನು ಕೂರಿಸಿ ಅಲುಗದಂತೆ ಹಿಡಿದಿರಬೇಕು; ಕೆಲವು ನಿಮಿಷಗಳಲ್ಲಿ ಸಿಮೆಂಟು ಬಿಸಿಯಾಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ತಲೆಯನ್ನು ಬಟ್ಟಲಿಗೆ ಇಳಿಸಿ, ಕಾಲನ್ನು ಮಡಿಸಿ, ತಿರುಗಿಸಿ, ಎರಡೂ ಕಾಲಿನ ಉದ್ದ ಹೋಲಿಸಿ ನೋಡಿ ಹೊಲಿಗೆ ಹಾಕುತ್ತೇವೆ. ಎಲ್ಲವೂ ಸರಿಯಾಗಿ ನಡೆದರೆ ಒಂದರಿಂದ ಎರಡು ಗಂಟೆಯ ಕೆಲಸ.

ಮರುದಿನ ಬೆಳಗ್ಗೆ ಫಿಸಿಯೋಥೆರಪಿಯವರು ವಾಕರ್ ಹಿಡಿದು ಬಂದಾಗ ಬಹಳಷ್ಟು ಮನೆಯವರು ಗಾಬರಿಯಾಗುತ್ತಾರೆ. "ಹೊಲಿಗೆ ಬಿಚ್ಚಲಿ, ಆಮೇಲೆ ನಡೆಸೋಣ" ಎನ್ನುತ್ತಾರೆ. ದಯವಿಟ್ಟು ಹಾಗೆ ತಡೆಯಬೇಡಿ. ಸಾಮಾನ್ಯವಾಗಿ ಕೂರಿಸಿದ ಕೀಲು ಅಂದಿನಿಂದಲೇ ದೇಹದ ಪೂರ್ತಿ ಭಾರ ಹೊರಬಲ್ಲದು. ಮೊದಲು ವಾಕರ್ ಮುಂದಿಡಬೇಕು, ನಂತರ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ನೆಲದಲ್ಲಿ ಚಕ್ಕಲಮಕ್ಕಲ ಹಾಕಿ ಊಟಕ್ಕೆ, ಪೂಜೆಗೆ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆ, ಗಿಡ್ಡ ಮಣೆ ಇವನ್ನು ಬಿಡಬೇಕಾಗುತ್ತದೆ, ಏಕೆಂದರೆ ತೊಡೆ ಹೊಟ್ಟೆಗೆ ತಾಗುವಷ್ಟು ಮಡಿಸಿ ಒಳಕ್ಕೆ ತಿರುಗಿದರೆ ಹೊಸ ಕೀಲು ಜಾರಬಹುದು. ಡಿಸ್ಚಾರ್ಜ್ ಆಗುವ ಮೊದಲೇ ಕಮೋಡ್ ಕುರ್ಚಿ ಮನೆಗೆ ಬಂದಿರಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಅಥವಾ ಮಾತ್ರೆಯನ್ನು ಮನೆಗೆ ಬಂದ ಮೇಲೂ, ಒಟ್ಟು ಸುಮಾರು ಒಂದು ತಿಂಗಳು, ವೈದ್ಯರು ಹೇಳಿದಷ್ಟು ದಿನ ಬಿಡದೆ ಮುಂದುವರಿಸಬೇಕು.

ಎರಡನೆಯ ಅಥವಾ ಮೂರನೆಯ ರಾತ್ರಿ ಅಜ್ಜ ಇದ್ದಕ್ಕಿದ್ದಂತೆ ಮಗನನ್ನೇ ಗುರುತಿಸದೆ ಕೂಗಾಡಬಹುದು, ಡ್ರಿಪ್ಪಿನ ಸೂಜಿ ಕಿತ್ತೆಸೆಯಬಹುದು, ಸತ್ತುಹೋದ ತಮ್ಮನ ಜೊತೆ ಮಾತಾಡಬಹುದು. ಅರಿವಳಿಕೆಯಿಂದ ತಲೆ ಕೆಟ್ಟಿತು ಎಂದು ಮನೆಯವರು ಅಳುವುದನ್ನು ನಾನು ಕಂಡಿದ್ದೇನೆ. ಇದು ಹಿರಿಯರಲ್ಲಿ ಸಾಕಷ್ಟು ಸಾಮಾನ್ಯವಾದ ತಾತ್ಕಾಲಿಕ ಬುದ್ಧಿಭ್ರಮೆ. ನೋವು, ಸೋಂಕು, ನೀರಿನ ಕೊರತೆ, ಮಲಬದ್ಧತೆ, ಮೂತ್ರದ ನಳಿಕೆ, ನಿದ್ದೆಗೇಡು, ಕೆಲವು ಮಾತ್ರೆಗಳು ಎಲ್ಲ ಸೇರಿ ಇದನ್ನು ತರುತ್ತವೆ. ಕಾರಣ ಹುಡುಕಿ ಸರಿಪಡಿಸಿದರೆ ಬಹುಪಾಲು ಜನರಲ್ಲಿ ದಿನಗಳಲ್ಲೋ ವಾರಗಳಲ್ಲೋ ಇಳಿಯುತ್ತದೆ. ಇಲ್ಲಿ ಮನೆಯವರು ಮಾಡಬಹುದಾದದ್ದು ಬಹಳ ಇದೆ. ಕನ್ನಡಕ, ಹಲ್ಲುಸೆಟ್ಟು, ಕಿವಿಯ ಯಂತ್ರವನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಹಗಲು ಬೆಳಕು ಬೀಳುವ ಕಡೆ ಕೂರಿಸಿ. ಪರಿಚಿತ ದನಿಯೊಂದು ಹತ್ತಿರದಲ್ಲಿರಲಿ; ಎದುರುವಾದ ಮಾಡದೆ ಇವತ್ತು ಯಾವ ವಾರ, ಎಲ್ಲಿದ್ದೇವೆ, ಯಾಕೆ ಬಂದಿದ್ದೇವೆ ಎಂದು ಮೆಲ್ಲಗೆ ಹೇಳುತ್ತಿರಿ.

ಆಪರೇಷನ್ ಬೇಡ ಎನ್ನಬಹುದಾದ ಸಂದರ್ಭವೂ ಇದೆ. ಮೊದಲೇ ಹಾಸಿಗೆ ಹಿಡಿದು, ಕೊನೆಯ ಹಂತದ ಕಾಯಿಲೆಯಿಂದ ಕೆಲವೇ ದಿನ ಅಥವಾ ವಾರಗಳ ಆಯುಸ್ಸು ಉಳಿದಿರುವವರಿಗೆ ನೋವು ಶಮನವೊಂದನ್ನೇ ಗುರಿಯಾಗಿಟ್ಟುಕೊಂಡು ಆರೈಕೆ ಮಾಡುವುದು ನ್ಯಾಯವಾದ ಆಯ್ಕೆ. ಅತಿ ದುರ್ಬಲರಾದ ವೃದ್ಧಾಶ್ರಮವಾಸಿಗಳ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ನಡೆದ ಅಧ್ಯಯನವೂ, ಮನೆಯವರೊಡನೆ ಕೂತು ಚರ್ಚಿಸಿ ಹೀಗೆ ನಿರ್ಧರಿಸಿದಾಗ ಆ ಕೊನೆಯ ದಿನಗಳು ಹೆಚ್ಚು ಯಾತನೆಯವಾಗಲಿಲ್ಲ ಎಂದು ತೋರಿಸಿದೆ. ಆದರೆ ಅದು ನೋವಿನ ಔಷಧವನ್ನು ಸಾಕಷ್ಟು ಕೊಟ್ಟು ಮಾಡುವ ಆರೈಕೆ. ಹೆದರಿಕೊಂಡು ಮನೆಗೆ ಕರೆದುಕೊಂಡು ಹೋಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಖರ್ಚಿನ ವಿಷಯದಲ್ಲಿ ಒಂದು ಸೂಚನೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ನಮ್ಮ ರಾಜ್ಯದಲ್ಲಿದೆ. ದಾಖಲಾದ ದಿನವೇ ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕಂಡು, ಈ ಚಿಕಿತ್ಸೆ ಇಲ್ಲಿ ಯೋಜನೆಯಡಿ ಸಿಗುತ್ತದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂದು ಕೇಳಿ. ಮೂರನೆಯ ದಿನ ಕೇಳಿದರೆ ಅಷ್ಟೂ ದಿನ ತಾಯಿ ಹಾಸಿಗೆಯಲ್ಲೇ ಇರುತ್ತಾರೆ.

ಕೊನೆಯದಾಗಿ, ಆಪರೇಷನ್ ಚೆನ್ನಾಗಿ ಆದ ಮೇಲೆ ಎಲ್ಲರೂ ಮರೆಯುವ ಸಂಗತಿ. ನಿಂತಲ್ಲಿಂದ ಬಿದ್ದಷ್ಟಕ್ಕೇ ಸೊಂಟದ ಮೂಳೆ ಮುರಿಯಿತೆಂದರೆ ಮೂಳೆಸವೆತ ಇದೆ ಎಂದೇ ಅರ್ಥ, ಇನ್ನೊಂದು ಕಡೆಯ ಸೊಂಟವೂ ಅಷ್ಟೇ ದುರ್ಬಲ. ಮನೆಯ ಏರ್ಪಾಡು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ: ಬಚ್ಚಲಲ್ಲಿ ಹಿಡಿಕೆ, ರಾತ್ರಿ ದೀಪ, ಕಣ್ಣಿನ ಪೊರೆಯ ಚಿಕಿತ್ಸೆ, ತಲೆಸುತ್ತು ತರುವ ಮಾತ್ರೆಗಳ ಮರುಪರಿಶೀಲನೆ. ರಾಗಿ ನಮ್ಮ ಭಾಗ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಒಮ್ಮೆ ಮುರಿದ ಮೇಲೆ ಆಹಾರವೊಂದೇ ಸಾಲದು, ಔಷಧ ಬೇಕು. ಸೊಂಟದ ಆಪರೇಷನ್ ಆಗಿ 90 ದಿನದೊಳಗೆ ಝೊಲೆಡ್ರಾನಿಕ್ ಆಸಿಡ್ ಎಂಬ ಔಷಧವನ್ನು ಡ್ರಿಪ್ಪಿನಲ್ಲಿ ಕೊಟ್ಟು ವರ್ಷಕ್ಕೊಮ್ಮೆ ಮುಂದುವರಿಸಿದ, 2,127 ರೋಗಿಗಳ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಹೊಸ ಮುರಿತ ಶೇ. 8.6, ಪಡೆಯದವರಲ್ಲಿ ಶೇ. 13.9, ಸಾವು ಶೇ. 9.6 ಮತ್ತು ಶೇ. 13.3. ಕೊಡುವ ಮೊದಲು ಮೂತ್ರಪಿಂಡದ ಪರೀಕ್ಷೆ ಮಾಡಿಸಬೇಕು, ವಿಟಮಿನ್ ಡಿ ಕೊರತೆ ತುಂಬಿಸಬೇಕು, ಹಲ್ಲು ಕೀಳಿಸುವುದಿದ್ದರೆ ಅದನ್ನು ಮುಗಿಸಿಕೊಳ್ಳಬೇಕು. ಹೊಲಿಗೆ ಬಿಚ್ಚಿಸಲು ಬಂದ ದಿನ ಈ ಮಾತನ್ನು ವೈದ್ಯರು ಎತ್ತದಿದ್ದರೆ ತಾವೇ ಎತ್ತಿ, ಮೊದಲ ಡೋಸಿನ ದಿನಾಂಕವನ್ನೂ ವರ್ಷ ಬಿಟ್ಟು ಬರುವ ಎರಡನೆಯ ಡೋಸಿನ ದಿನಾಂಕವನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.